ಕ್ಯಾಮೆರಾ ಇದೆ, ಸರಿ. ಕೇಳೋರು ಯಾರು?

1/8

ಅಡ್ಮಿಶನ್ ಸೀಸನ್ ಬಂತು ಅಂದ್ರೆ ನಮ್ಮ ವರ್ತೂರು, ಗುಂಜೂರು, ಬಳಗೆರೆ ಕಡೆ ಕರೆಂಟ್ ಕಂಬಕ್ಕೊಂದು ಶಾಲೆ ಬೋರ್ಡು. ಫೋಟೋದಲ್ಲಿರೋದು ಅಂಥದ್ದೇ ಒಂದು. ಹೆಸರು ಮುಚ್ಚಿದ್ದೀನಿ, ಯಾಕಂದ್ರೆ ನನ್ನ ಜಗಳ ಒಂದು ಶಾಲೆ ಜೊತೆ ಅಲ್ಲ. ಬೋರ್ಡ್ ಮೇಲೆ ಏನಿದೆ ನೋಡಿ: ಎಲ್ಲ ಕಡೆ ಸಿಸಿಟಿವಿ, ಜಿಪಿಎಸ್ ಇರೋ ಬಸ್ಸು, 24 ಗಂಟೆ ಸೆಕ್ಯುರಿಟಿ, ಬಯೋಮೆಟ್ರಿಕ್ ಗೇಟ್. ಪಕ್ಕದಲ್ಲೇ ಈಜುಕೊಳದ ಫೋಟೋ. ಸುರಕ್ಷತೆ ಮತ್ತು ಈಜುಕೊಳ, ಎರಡೂ ಒಂದೇ ಪಟ್ಟಿಯಲ್ಲಿ, ಒಂದೇ ಅಕ್ಷರದ ಸೈಜಿನಲ್ಲಿ.

ಅಪ್ಪ ಅಮ್ಮ ಅದನ್ನು ನೋಡಿ ಫೀಸ್ ಕಟ್ತಾರೆ. ಅವರದು ತಪ್ಪಲ್ಲ. ಬೆಳಿಗ್ಗೆ ಎಂಟಕ್ಕೆ ಮಗುನ ಬಿಟ್ಟು ವೈಟ್‌ಫೀಲ್ಡ್‌ಗೋ ಮಾರತಹಳ್ಳಿಗೋ ಕೆಲಸಕ್ಕೆ ಓಡೋರಿಗೆ ಮೊಬೈಲ್‌ನಲ್ಲಿ ಬಸ್ಸಿನ ಚುಕ್ಕಿ ಚಲಿಸೋದು ಕಂಡ್ರೆ ಸಮಾಧಾನ.

ನಾನು ಕೇಳೋದು ಇಷ್ಟೇ. ಆ ನಾಲ್ಕೂ ಸೌಲಭ್ಯಗಳಲ್ಲಿ ಯಾವುದಾದರೂ ಒಂದು ಈ ಪ್ರಶ್ನೆಗೆ ಉತ್ತರ ಕೊಡುತ್ತಾ: ಒಂದನೇ ಕ್ಲಾಸಿನ ಮಗುವಿಗೆ ಶಾಲೆಯಲ್ಲಿ ಏನೋ ಕೆಟ್ಟದ್ದು ಆದ್ರೆ, ಅದು ಯಾರ ಹತ್ತಿರ ಹೋಗಿ ಹೇಳಬೇಕು? ಹೇಳಿದ ಮೇಲೆ ಆ ದೊಡ್ಡವರು ಏನು ಮಾಡಬೇಕು?

ಕ್ಯಾಮೆರಾ ನೋಡುತ್ತೆ. ಕೇಳಲ್ಲ. ನಮ್ಮ ಶಾಲೆಗಳು ಹತ್ತು ವರ್ಷದಿಂದ ನೋಡೋ ಯಂತ್ರಕ್ಕೆ ದುಡ್ಡು ಸುರಿದಿವೆ, ಕೇಳೋ ಮನುಷ್ಯರಿಗೆ ಸುರಿದಿಲ್ಲ. ಮುಂದಿನ ಏಳು ಪೋಸ್ಟ್ ಇದರ ಬಗ್ಗೆನೇ. ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ. ತಮ್ಮ ತಂಗಿ ಶಾಲೆಗೆ ಹೋಗ್ತಿದ್ರೆ ಖಂಡಿತ ಓದಿ.

2/8

ಈ ಏರಿಯಾಗೆ ಹೊಸದಾಗಿ ಬಂದವರಿಗೆ ಗೊತ್ತಿರಲಿಕ್ಕಿಲ್ಲ. ಶಾಲೆ ಸುರಕ್ಷತೆ ಅಂತ ಬೆಂಗಳೂರು ಇವತ್ತು ಏನೇನು ಮಾತಾಡುತ್ತೋ ಅದರಲ್ಲಿ ಬಹುಪಾಲು ಶುರುವಾಗಿದ್ದು ನಮ್ಮ ಪಕ್ಕದಲ್ಲೇ.

2014ರ ಜುಲೈ. ಮಾರತಹಳ್ಳಿ ಕಡೆಯ ವಿಬ್‌ಗಯಾರ್ ಶಾಲೆಯ ಆವರಣದ ಒಳಗೇ ಆರು ವರ್ಷದ ಹೆಣ್ಣುಮಗುವಿನ ಮೇಲೆ ಅತ್ಯಾಚಾರ ಆಗಿದೆ ಅನ್ನೋ ದೂರು ವರ್ತೂರು ಪೊಲೀಸ್ ಠಾಣೆಯಲ್ಲಿ ದಾಖಲಾಯಿತು. ಸಾವಿರಾರು ಜನ ತಂದೆ ತಾಯಿ ಬೀದಿಗಿಳಿದರು. ವಿಷಯ ಮುಚ್ಚಿಟ್ಟ ಆರೋಪದ ಮೇಲೆ ಶಾಲೆಯ ಅಧ್ಯಕ್ಷರ ಬಂಧನ ಆಯ್ತು, ಆಮೇಲೆ ಜಾಮೀನು ಸಿಕ್ಕಿತು. ಪೊಲೀಸ್ ಕಮಿಷನರ್ ರಾಘವೇಂದ್ರ ಔರಾದ್ಕರ್ ಅವರ ವರ್ಗಾವಣೆಯಾಗಿ ಎಂ.ಎನ್. ರೆಡ್ಡಿ ಬಂದರು. ಶಾಲೆಗಳಿಗೆ ಪೊಲೀಸರ ಮಾರ್ಗಸೂಚಿ ಬಂತು: ಸಿಸಿಟಿವಿ ಹಾಕಿ, ಸಿಬ್ಬಂದಿಯ ಹಿನ್ನೆಲೆ ಪರಿಶೀಲಿಸಿ, ಬಸ್ಸುಗಳ ಮೇಲೆ ನಿಗಾ ಇಡಿ.

ನಮ್ಮ ಬ್ಯಾಚಿನವರಿಗೆ ಆಗ ಎಂಟೋ ಒಂಬತ್ತೋ ವರ್ಷ. ನಮ್ಮ ಕ್ಲಾಸ್‌ರೂಮಿನ ಮೂಲೆಯಲ್ಲಿ ಕರಿ ಬಟ್ಟಲಿನಂಥ ಕ್ಯಾಮೆರಾ ಬಂದಿದ್ದು ಆಗಲೇ. ಯಾಕೆ ಬಂತು ಅಂತ ಯಾರೂ ಹೇಳಲಿಲ್ಲ. ಕಾಪಿ ಹೊಡೆಯೋರನ್ನ ಹಿಡಿಯೋಕೆ ಅಂದ್ಕೊಂಡ್ವಿ.

ಆ ಪ್ರಕರಣದಲ್ಲಿ ನನ್ನನ್ನು ಕಾಡೋದು ದಿನಾಂಕಗಳು. ಘಟನೆ ನಡೆದದ್ದು ಜುಲೈ ಮೊದಲ ವಾರ. ದೂರು ದಾಖಲಾಗೋ ಹೊತ್ತಿಗೆ ಹತ್ತು ದಿನಕ್ಕೂ ಮೇಲಾಗಿತ್ತು. ಅಷ್ಟು ದಿನ ಒಂದು ಮಗು ತನ್ನೊಳಗೇ ಅದನ್ನ ಇಟ್ಕೊಂಡಿತ್ತು. ಊರೆಲ್ಲ ಗೇಟಿನ ಎತ್ತರ, ಕ್ಯಾಮೆರಾದ ಸಂಖ್ಯೆ ಚರ್ಚೆ ಮಾಡ್ತು. ಆ ಹತ್ತು ದಿನವನ್ನು ಹತ್ತು ನಿಮಿಷ ಮಾಡೋದು ಹೇಗೆ ಅಂತ ಕೇಳಿದವರು ಕಡಿಮೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತಾರಲ್ಲ, ಅದು. ಇಲ್ಲಿ ಬಾಗಿಲನ್ನೂ ತಪ್ಪು ಗೋಡೆಗೆ ಹಾಕಿದ್ರು.

3/8

ತಪ್ಪು ಗೋಡೆ ಯಾಕೆ ಅಂತೀನಿ ಅಂದ್ರೆ: ಗೇಟು, ಬಯೋಮೆಟ್ರಿಕ್ಕು, ವಿಸಿಟರ್ ಪಾಸು ಇವೆಲ್ಲ ಹೊರಗಿನವರನ್ನು ತಡೆಯೋಕೆ. ಆದರೆ ಪೋಕ್ಸೋ ಪ್ರಕರಣಗಳ ಲೆಕ್ಕ ಏನು ಹೇಳುತ್ತೆ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಅಂಕಿ ಅಂಶ ಯಾವ ವರ್ಷದ್ದು ತೆಗೆದರೂ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಮೊದಲೇ ಗೊತ್ತಿರೋ ವ್ಯಕ್ತಿ. ಮನೆಯವರು, ನೆರೆಯವರು, ಪರಿಚಯದವರು. ಬೇಲಿಯೇ ಹೊಲ ಮೇಯೋ ಜಾಗದಲ್ಲಿ ಬೇಲಿಯನ್ನ ಇನ್ನೂ ಎರಡಡಿ ಎತ್ತರಿಸಿದ್ರೆ ಏನು ಬಂತು?

ಎರಡನೇ ಮಾತು. ಇಂಥ ಸಮಯದಲ್ಲಿ ಊರಿಗೆ ಒಬ್ಬ ಆರೋಪಿ ಬೇಕು, ಇವತ್ತೇ ಬೇಕು. 2014ರಲ್ಲಿ ಮೊದಲು ಒಬ್ಬ ಸ್ಕೇಟಿಂಗ್ ತರಬೇತುದಾರನ ಬಂಧನ ಆಯ್ತು, ಟಿವಿಯಲ್ಲಿ ಮುಖ ಬಂತು. ಹೊಸ ಕಮಿಷನರ್ ಬಂದ ಮೇಲೆ ತನಿಖೆ ತಿರುಗಿ ಇಬ್ಬರು ಜಿಮ್ ತರಬೇತುದಾರರ ಬಂಧನ ಆಯ್ತು. 2017ರ ಸೆಪ್ಟೆಂಬರ್ 8ರಂದು ಗುರುಗ್ರಾಮದ ಶಾಲೆಯೊಂದರ ಶೌಚಾಲಯದಲ್ಲಿ ಎರಡನೇ ತರಗತಿಯ ಹುಡುಗನ ಕೊಲೆ ಆದಾಗ ಹರಿಯಾಣ ಪೊಲೀಸರು ಬಸ್ ಕಂಡಕ್ಟರ್ ಒಬ್ಬನನ್ನು ಹಿಡಿದರು. ಎರಡು ತಿಂಗಳ ನಂತರ ಸಿಬಿಐ ವಶಕ್ಕೆ ತೆಗೆದುಕೊಂಡಿದ್ದು ಅದೇ ಶಾಲೆಯ ಹನ್ನೊಂದನೇ ತರಗತಿಯ ವಿದ್ಯಾರ್ಥಿಯನ್ನು. ಕಂಡಕ್ಟರ್‌ನನ್ನು ಕೋರ್ಟ್ 2018ರಲ್ಲಿ ಪ್ರಕರಣದಿಂದ ಕೈಬಿಟ್ಟಿತು. ಅಷ್ಟರಲ್ಲಿ ಅವನ ಬದುಕು ಏನಾಗಿತ್ತು ಅಂತ ಯೋಚನೆ ಮಾಡಿ. ಸಂಬಳ ಕಡಿಮೆ ಇರೋನ ಮೇಲೆ ಅನುಮಾನ ಬೇಗ ಕೂರುತ್ತೆ.

"ಗಂಡಸರನ್ನ ಶಾಲೆ ಕೆಲಸಕ್ಕೇ ಇಟ್ಕೋಬೇಡಿ" ಅನ್ನೋರಿಗೆ ಇನ್ನೊಂದು ಲೆಕ್ಕ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ ಲೈಂಗಿಕ ಕಿರುಕುಳ ಆಗಿದೆ ಅಂದ ಮಕ್ಕಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹುಡುಗರು. ಹುಡುಗರು ಹೇಳಲ್ಲ. "ಏನೋ, ಹುಡುಗ ಆಗಿ ಅಳ್ತೀಯಾ" ಅಂತ ಬೆಳೆಸಿರೋ ನಾವು ಅವರಿಂದ ದೂರು ನಿರೀಕ್ಷೆ ಮಾಡೋದಾದ್ರೂ ಹೇಗೆ? ಗುಡ್ ಟಚ್ ಬ್ಯಾಡ್ ಟಚ್ ಕ್ಲಾಸ್ ಇದ್ದರೂ ಹುಡುಗಿಯರಿಗೆ ಮಾತ್ರ ಮಾಡಿ ಹುಡುಗರನ್ನ ಗ್ರೌಂಡಿಗೆ ಕಳಿಸೋ ಶಾಲೆ ನನಗೇ ಗೊತ್ತು.

4/8

ನಾವು ಬಿಕಾಂನವರು, ದುಡ್ಡಿನ ಭಾಷೆಯಲ್ಲೇ ನೋಡೋಣ.

ಕ್ಯಾಮೆರಾ ಅನ್ನೋದು ಬಂಡವಾಳ ವೆಚ್ಚ. ಒಂದು ಸಲ ಕೊಂಡ್ರೆ ಮುಗೀತು, ಆಸ್ತಿ ಪಟ್ಟಿಗೆ ಸೇರುತ್ತೆ, ವರ್ಷ ವರ್ಷ ಸವಕಳಿ ತೋರಿಸಬಹುದು. ಎಲ್ಲಕ್ಕಿಂತ ಮುಖ್ಯ, ಬೋರ್ಡಿನಲ್ಲಿ ಫೋಟೋ ಹಾಕಬಹುದು. ಮಕ್ಕಳ ಮಾತು ಕೇಳೋಕೆ ತರಬೇತಿ ಆದ ಒಬ್ಬ ಕೌನ್ಸಿಲರ್ ಅಂದ್ರೆ ಅದು ಸಂಬಳ. ಪ್ರತಿ ತಿಂಗಳು ಹೋಗೋ ಖರ್ಚು. ಅವರು ಕೆಲಸ ಸರಿಯಾಗಿ ಮಾಡಿದಷ್ಟೂ ಶಾಲೆಗೆ ತಲೆನೋವು ಜಾಸ್ತಿ, ಯಾಕಂದ್ರೆ ದೂರು ಹೊರಗೆ ಬರುತ್ತೆ. ದೂರು ಬಂದ್ರೆ ಮುಂದಿನ ವರ್ಷದ ಅಡ್ಮಿಶನ್‌ಗೆ ಪೆಟ್ಟು. ಹಾಗಾಗಿ ಲಾಭದ ಲೆಕ್ಕದಲ್ಲಿ ಕ್ಯಾಮೆರಾ ಗೆಲ್ಲುತ್ತೆ, ಕೌನ್ಸಿಲರ್ ಸೋಲ್ತಾರೆ. ಇದರಲ್ಲಿ ಯಾರ ದುಷ್ಟತನವೂ ಬೇಕಾಗಿಲ್ಲ. ಲೆಕ್ಕ ಇರೋದೇ ಹಾಗೆ. ಅದಕ್ಕೇ ಲೆಕ್ಕ ಬದಲಾಯಿಸೋ ಒತ್ತಡ ಹೊರಗಿನಿಂದ ಬರಬೇಕು.

ಆಡಿಟಿಂಗ್ ಪೇಪರ್‌ನಲ್ಲಿ ಓದಿದ್ದೀವಲ್ಲ: ದಾಖಲೆ ಇದ್ರೆ ಸಾಲದು, ಗೋಡೌನಿಗೆ ಹೋಗಿ ಸರಕು ಎಣಿಸಬೇಕು. ಶಾಲೆ ಸುರಕ್ಷತೆಯಲ್ಲಿ ನಾವು ದಾಖಲೆ ಮಾತ್ರ ನೋಡ್ತಿದ್ದೀವಿ.

ನಾನು ಓದಿದ ಶಾಲೆಯಲ್ಲಿ ದೂರು ಪೆಟ್ಟಿಗೆ ಇತ್ತು. ನಿಯಮ ಪಾಲನೆ ಆಗಿತ್ತು. ಅದನ್ನ ಇಟ್ಟಿದ್ದು ಪ್ರಿನ್ಸಿಪಾಲ್ ರೂಮಿನ ಬಾಗಿಲ ಪಕ್ಕ, ಕ್ಯಾಮೆರಾದ ನೇರ ಕೆಳಗೆ. ಬೀಗದ ಕೈ ಆಫೀಸ್ ಕ್ಲರ್ಕ್ ಹತ್ತಿರ. ಆ ಪೆಟ್ಟಿಗೆಗೆ ಚೀಟಿ ಹಾಕಿದವರನ್ನ ಹತ್ತು ವರ್ಷದಲ್ಲಿ ನಾನು ನೋಡಿಲ್ಲ. ನಮ್ಮ ಸೀನಿಯರ್ ಅಕ್ಕ ಒಬ್ಬರು ವ್ಯಾನ್ ಡ್ರೈವರ್ ಬಗ್ಗೆ ಟೀಚರ್‌ಗೆ ಬಾಯಲ್ಲೇ ಹೇಳಿದ್ರು. ಮಾರನೇ ದಿನ ಸಿಕ್ಕಿದ ಉತ್ತರ: "ನೀನು ಮುಂದಿನ ಸೀಟಲ್ಲಿ ಕೂರಬೇಡ." ಡ್ರೈವರ್ ಅಲ್ಲೇ ಉಳಿದ, ಅಕ್ಕ ಸಿಟಿ ಬಸ್ಸಿಗೆ ಬದಲಾದ್ರು. ಆಡಿಟ್ ರಿಪೋರ್ಟ್ ಬರೆದಿದ್ರೆ ಎಲ್ಲ ಕಾಲಂಗೂ ಟಿಕ್ ಬೀಳ್ತಿತ್ತು: ಪೆಟ್ಟಿಗೆ ಇದೆ, ಕ್ಯಾಮೆರಾ ಇದೆ, ದೂರುಗಳ ಸಂಖ್ಯೆ ಸೊನ್ನೆ.

ಸೊನ್ನೆ ದೂರು ಇರೋ ಶಾಲೆ ಸುರಕ್ಷಿತ ಅಂತ ನಂಬಬೇಡಿ. ಅಲ್ಲಿ ಹೇಳೋಕೆ ದಾರಿ ಇಲ್ಲ ಅಂತಲೂ ಅದರ ಅರ್ಥ ಇರಬಹುದು.

5/8

ಬಾಂಬ್ ಇಮೇಲ್ ಬಗ್ಗೆ ಮಾತಾಡಲೇಬೇಕು.

2022ರ ಏಪ್ರಿಲ್ 8ರಂದು ಬೆಂಗಳೂರಿನ ಹಲವು ಶಾಲೆಗಳಿಗೆ ಬಾಂಬ್ ಇಟ್ಟಿದ್ದೀವಿ ಅಂತ ಇಮೇಲ್ ಬಂತು. ಅದರಲ್ಲಿ ನಮ್ಮ ವರ್ತೂರಿನ ದೆಹಲಿ ಪಬ್ಲಿಕ್ ಸ್ಕೂಲ್ ಕೂಡ ಇತ್ತು. 2023ರ ಡಿಸೆಂಬರ್ 1ರಂದು 60ಕ್ಕೂ ಹೆಚ್ಚು ಶಾಲೆಗಳಿಗೆ. 2025ರ ಜುಲೈ 18ರಂದು ಮತ್ತೆ ಸುಮಾರು 40 ಶಾಲೆಗಳಿಗೆ. ಎಲ್ಲವೂ ಹುಸಿ. ಪ್ರತಿ ಸಲವೂ ಬಾಂಬ್ ಪತ್ತೆ ದಳ, ಶ್ವಾನ ದಳ, ಗೇಟಿನ ಮುಂದೆ ಕಣ್ಣೀರಿಡೋ ಅಮ್ಮಂದಿರು, ಲೈವ್ ಟಿವಿ.

ಅದಕ್ಕೂ ಮೊದಲು 2016ರ ಫೆಬ್ರವರಿ 7ರಂದು ಕುಂದಲಹಳ್ಳಿಯಲ್ಲಿ ವಿಬ್‌ಗಯಾರ್ ಶಾಲೆಗೇ ಚಿರತೆ ನುಗ್ಗಿತ್ತು. ಭಾನುವಾರ ಆಗಿದ್ದರಿಂದ ಮಕ್ಕಳಿರಲಿಲ್ಲ. ಹಿಡಿಯೋಕೆ ಹೋದ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಗಾಯಗೊಂಡರು. ಅದೇ ವಾರ ಇನ್ನೂ ಚಿರತೆ ಇದೆ ಅನ್ನೋ ಸುದ್ದಿಗೆ ನಮ್ಮ ಕಡೆಯ ನೂರಕ್ಕೂ ಹೆಚ್ಚು ಶಾಲೆಗಳಿಗೆ ರಜೆ. ನಮಗೆ ಖುಷಿಯೋ ಖುಷಿ.

ನಾನು ಪೊಲೀಸರನ್ನ ಗೇಲಿ ಮಾಡ್ತಿಲ್ಲ. ಹತ್ತು ಸಲ ಹುಸಿ ಆದ್ರೂ ಹನ್ನೊಂದನೇ ಸಲ ಅಷ್ಟೇ ಗಂಭೀರವಾಗಿ ಹುಡುಕಬೇಕು. ಅವರು ಹುಡುಕಿದ್ರು, ಮಕ್ಕಳನ್ನ ಹೊರಗೆ ತಂದ್ರು, ಸಲಾಂ.

ಆದರೆ ಗಮನಿಸಿ. ಇಮೇಲ್ ಬಂದಾಗ ಶಾಲೆಗೆ ಏನು ಮಾಡಬೇಕು ಅಂತ ಗೊತ್ತಿತ್ತು. ಯಾರಿಗೆ ಫೋನ್ ಮಾಡಬೇಕು, ಮಕ್ಕಳು ಎಲ್ಲಿ ಸೇರಬೇಕು, ಮನೆಯವರಿಗೆ ಮೆಸೇಜ್ ಯಾರು ಹಾಕಬೇಕು, ಎಲ್ಲ ಒಂದು ಗಂಟೆಯೊಳಗೆ ಆಯ್ತು. "ಶಾಲೆ ಹೆಸರು ಕೆಡುತ್ತೆ, ನಮ್ಮಲ್ಲೇ ಸರಿ ಮಾಡ್ಕೊಳ್ಳೋಣ" ಅಂತ ಯಾರೂ ಹೇಳಲಿಲ್ಲ. ಅದೇ ಶಾಲೆಗಳಲ್ಲಿ ಒಂದು ಮಗು ಬಂದು "ಮಿಸ್, ಆ ಅಂಕಲ್ ಹಾಗೆ ಮಾಡಿದ್ರು" ಅಂದಾಗಲೂ ಆ ಒಂದು ಗಂಟೆಯ ಚುರುಕು ಇರುತ್ತಾ? ಅನಾಮಧೇಯ ಇಮೇಲ್‌ಗೆ ಸಿಗೋ ನಂಬಿಕೆ ಹೆಸರು, ರೋಲ್ ನಂಬರ್ ಇರೋ ನಮ್ಮದೇ ಮಗುವಿಗೆ ಯಾಕೆ ಸಿಗಲ್ಲ?

6/8

ಈಗ ಗೇಟಿನ ಹೊರಗೆ ಬನ್ನಿ. ಫೋಟೋ ವರ್ತೂರು ಕೋಡಿ ಹತ್ತಿರದ್ದು, ಬೆಳಿಗ್ಗೆ 8.10. ಎಡಗಡೆ ನೀರಿನ ಟ್ಯಾಂಕರ್, ಬಲಗಡೆ ಕಾಂಕ್ರೀಟ್ ಮಿಕ್ಸರ್ ಲಾರಿ, ಮಧ್ಯೆ ಬ್ಯಾಗ್ ಹಾಕ್ಕೊಂಡ ಇಬ್ಬರು ಮಕ್ಕಳು. ಮುಖ ಕಾಣದ ಹಾಗೆ ಹಿಂದಿನಿಂದ ತೆಗೆದಿದ್ದೀನಿ. ಫುಟ್‌ಪಾತ್ ಎಲ್ಲಿದೆ ಅಂತ ಕೇಳಬೇಡಿ, ನಾನೂ ಹುಡುಕ್ತಿದ್ದೀನಿ.

2025ರ ಸೆಪ್ಟೆಂಬರ್‌ನಲ್ಲಿ ಬಳಗೆರೆ–ಪಣತ್ತೂರು ರಸ್ತೆಯಲ್ಲಿ ಸುಮಾರು 20 ಮಕ್ಕಳಿದ್ದ ಶಾಲಾ ಬಸ್ಸು ಹಾಳಾದ ರಸ್ತೆಯ ಅಂಚಿಗೆ ಜಾರಿ ಒಂದು ಕಡೆಗೆ ವಾಲಿತು. ವಿಡಿಯೋ ನಿಮ್ಮ ಫೀಡಿಗೂ ಬಂದಿರುತ್ತೆ. ಮಕ್ಕಳಿಗೆ ಏನೂ ಆಗಲಿಲ್ಲ, ಪುಣ್ಯ. ಆ ಬಸ್ಸಿನಲ್ಲಿ ಜಿಪಿಎಸ್ ಇತ್ತು ಅಂತಲೇ ಇಟ್ಕೊಳ್ಳಿ. ಬಸ್ಸು ಯಾವ ಗುಂಡಿಯಲ್ಲಿದೆ ಅಂತ ಅಪ್ಪ ಅಮ್ಮನ ಮೊಬೈಲ್‌ಗೆ ಕರೆಕ್ಟಾಗಿ ತೋರಿಸ್ತಿತ್ತು, ಅಷ್ಟೇ.

ಸುಪ್ರೀಂ ಕೋರ್ಟ್ 1997ರಲ್ಲೇ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಶಾಲಾ ಬಸ್ಸಿನ ಬಗ್ಗೆ ಹೇಳಿದೆ: ಅನುಭವ ಇರೋ ಡ್ರೈವರ್, ವೇಗ ಮಿತಿ, ಬಸ್ಸಿನಲ್ಲಿ ಮಕ್ಕಳನ್ನ ನೋಡಿಕೊಳ್ಳೋ ಒಬ್ಬರು. ನಾವು ಹುಟ್ಟೋ ಮೊದಲಿನ ಮಾತು. ದೊಡ್ಡ ಶಾಲೆಗಳ ಹಳದಿ ಬಸ್ಸುಗಳು ಇದನ್ನ ಹೆಚ್ಚೂ ಕಮ್ಮಿ ಪಾಲಿಸ್ತವೆ. ಆದರೆ ಬಸ್ ಫೀಸ್ ಕಟ್ಟೋಕಾಗದ ಮನೆಗಳ ಮಕ್ಕಳು ಬರೋದು ಆಟೋದಲ್ಲಿ, ಹಳೇ ಓಮ್ನಿಯಲ್ಲಿ. ಎಂಟು ಜನರ ಗಾಡಿಯಲ್ಲಿ ಹದಿನಾಲ್ಕು ಮಕ್ಕಳು, ಬ್ಯಾಗುಗಳು ಹೊರಗೆ ಜೋತಾಡ್ತಿರ್ತವೆ. ಆಯಾ ಇಲ್ಲ. ಕೇಳಿದ್ರೆ ಶಾಲೆ ಹೇಳುತ್ತೆ, "ಅದು ಪ್ರೈವೇಟ್ ವ್ಯಾನ್, ನಮಗೂ ಅದಕ್ಕೂ ಸಂಬಂಧ ಇಲ್ಲ."

ಇದನ್ನ ನಾನು ಒಪ್ಪಲ್ಲ. ಆ ವ್ಯಾನ್ ನಿಲ್ಲೋದು ನಿಮ್ಮ ಗೇಟಲ್ಲಿ, ಇಳಿಯೋದು ನಿಮ್ಮ ಯೂನಿಫಾರ್ಮ್ ಹಾಕಿದ ಮಕ್ಕಳು. ಗೇಟಲ್ಲಿ ಗಾಡಿ ನಂಬರ್, ಡ್ರೈವರ್ ಹೆಸರು, ಮಕ್ಕಳ ಸಂಖ್ಯೆ ಬರ್ಕೊಳ್ಳೋಕೆ ಒಂದು ನೋಟ್‌ಬುಕ್, ಒಂದು ಪೆನ್ ಸಾಕು.

7/8

ಸುರಕ್ಷತೆ ಅಂದ ತಕ್ಷಣ ಮಕ್ಕಳ ಮಾತು ಬರುತ್ತೆ, ಅಲ್ಲಿ ಕೆಲಸ ಮಾಡೋರ ಮಾತು ಬರಲ್ಲ.

ಗೇಟಲ್ಲಿ ನಿಂತಿರೋ ಸೆಕ್ಯುರಿಟಿ ಅಣ್ಣನ್ನ ನೋಡಿ. ಎಷ್ಟೋ ಕಡೆ ಹನ್ನೆರಡು ಗಂಟೆ ಡ್ಯೂಟಿ, ಸಂಬಳ ಏಜೆನ್ಸಿ ಮೂಲಕ. ಇವತ್ತು ಈ ಶಾಲೆ, ಮುಂದಿನ ತಿಂಗಳು ಯಾವುದೋ ಅಪಾರ್ಟ್‌ಮೆಂಟ್. ಮಕ್ಕಳ ಹೆಸರು ಕಲಿಯೋ ಹೊತ್ತಿಗೆ ಅವರೇ ಇರಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆ ಪ್ರಕಾರ ಅವರಿಗೆ ತರಬೇತಿ ಆಗಿರಬೇಕು, ಹಿನ್ನೆಲೆ ಪರಿಶೀಲನೆ ಆಗಿರಬೇಕು. 2020ರ ಪೋಕ್ಸೋ ನಿಯಮಗಳ ಪ್ರಕಾರವೂ ಶಾಲೆಯ ಪ್ರತಿ ಸಿಬ್ಬಂದಿಗೆ, ಕಾಂಟ್ರ್ಯಾಕ್ಟ್ ಆದರೂ ಸರಿ, ಕಾಯಂ ಆದರೂ ಸರಿ, ಕಾಲಕಾಲಕ್ಕೆ ಪೊಲೀಸ್ ವೆರಿಫಿಕೇಶನ್ ಆಗಬೇಕು. ಟೀಚರ್‌ಗೂ, ಟ್ರಸ್ಟಿಯ ಅಳಿಯನಿಗೂ ಅದೇ ನಿಯಮ. ಆಯಾಗೆ ಮಾತ್ರ ಅಲ್ಲ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಶಾಲೆಯಲ್ಲಿ ಹೆಣ್ಣುಮಕ್ಕಳ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಇರಬೇಕು, 2013ರ ಕಾನೂನು. ನಮ್ಮ ಕ್ಲಾಸಿನ ಎಷ್ಟೋ ಹುಡುಗಿಯರು ಡಿಗ್ರಿ ಮುಗಿಸಿ ಇದೇ ಶಾಲೆಗಳಿಗೆ ಟೀಚರ್ ಆಗಿ, ಅಕೌಂಟ್ಸ್‌ಗೆ ಸೇರ್ತಾರೆ. ಇಂಟರ್‌ವ್ಯೂನಲ್ಲಿ ಸಂಬಳದ ಜೊತೆ ಇದನ್ನೂ ಕೇಳಿ. ಮೇಲಿನವರ ವಿರುದ್ಧ ತನ್ನ ದೂರನ್ನೇ ಹೇಳೋಕೆ ಹೆದರೋ ಟೀಚರ್ ಮಗುವಿನ ದೂರನ್ನ ಮೇಲಕ್ಕೆ ಒಯ್ಯೋದು ಕಷ್ಟ.

ಬೆಂಕಿ ವಿಷಯ ಚಿಕ್ಕದಾಗಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ದುರಂತದ ನಂತರ ಸುಪ್ರೀಂ ಕೋರ್ಟಿಗೆ ಹೋದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ 2009ರ ಏಪ್ರಿಲ್ 13ರಂದು ತೀರ್ಪು ಬಂತು: ಶಿಕ್ಷಣದ ಹಕ್ಕು ಅಂದ್ರೆ ಸುರಕ್ಷಿತ ಶಾಲೆಯ ಹಕ್ಕೂ ಹೌದು. ಹಕ್ಕು ಅಂತ ಹೇಳಿದೆ, ಸೌಲಭ್ಯ ಅಂತಲ್ಲ. ಅಂದಮೇಲೆ ಲಕ್ಷ ಫೀಸ್ ಕಟ್ಟೋ ಮಗುವಿಗೂ, ಕಾಂಪೌಂಡ್ ಇಲ್ಲದ ಸರ್ಕಾರಿ ಶಾಲೆಯ ಮಗುವಿಗೂ ಅದು ಒಂದೇ. ವರ್ತೂರಿನಲ್ಲಿ ಸುರಕ್ಷತೆ ಫೀಸ್ ನೋಡಿ ಹೆಚ್ಚು ಕಮ್ಮಿ ಆಗುತ್ತೆ ಅನ್ನೋದೇ ನನ್ನ ದೊಡ್ಡ ತಕರಾರು.

8/8

"ಹಾಗಾದ್ರೆ ಸಿಸಿಟಿವಿ ಕಿತ್ತು ಹಾಕೋಣ್ವಾ?" ಬೇಡ. ಇರಲಿ. ತನಿಖೆಗೆ ಬೇಕು, ಸುಳ್ಳು ಆರೋಪದಿಂದ ಒಬ್ಬ ಬಡ ಕಂಡಕ್ಟರ್‌ನನ್ನು ಕಾಪಾಡೋಕೂ ಬೇಕು. ಆದರೆ ಅದು ಕೊನೇ ಸಾಲು, ಮೊದಲ ಸಾಲಲ್ಲ.

"ನಾವು ಸ್ಟೂಡೆಂಟ್ಸ್, ನಮ್ಮಿಂದ ಏನಾಗುತ್ತೆ?" ಆಗುತ್ತೆ. ನಮ್ಮಲ್ಲಿ ಬಹಳ ಜನಕ್ಕೆ ಶಾಲೆಗೆ ಹೋಗೋ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇದೆ. ಪೇರೆಂಟ್ಸ್ ಮೀಟಿಂಗಿಗೆ ಅಪ್ಪನಿಗೆ ರಜೆ ಸಿಗದಿದ್ರೆ ಹೋಗೋದು ನಾವೇ. ಮುಂದಿನ ಮೀಟಿಂಗಲ್ಲಿ ಮಾರ್ಕ್ಸ್ ಕೇಳಿದ ಮೇಲೆ ಈ ಐದು ಪ್ರಶ್ನೆ ಕೇಳಿ:

1. ಮಗುವಿಗೆ ತೊಂದರೆ ಆದ್ರೆ ಯಾರಿಗೆ ಹೇಳಬೇಕು? ಅವರ ಹೆಸರು, ಫೋಟೋ, 1098 ನಂಬರ್ ಮಕ್ಕಳ ಕಣ್ಣಿನ ಎತ್ತರದಲ್ಲಿ, ಅವರು ಓದೋ ಭಾಷೆಯಲ್ಲಿ ಹಾಕಿದ್ದೀರಾ?
2. ದೂರು ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ? ಪೇರೆಂಟ್ಸ್ ಪ್ರತಿನಿಧಿ ಇಲ್ಲದೆ ತೆಗೀತೀರಾ?
3. ಪೊಲೀಸ್ ವೆರಿಫಿಕೇಶನ್ ಎಲ್ಲರಿಗೂ ಆಗಿದೆಯಾ? ಕ್ರೀಡಾ ಕೋಚ್, ವ್ಯಾನ್ ಡ್ರೈವರ್, ಏಜೆನ್ಸಿ ಸಿಬ್ಬಂದಿ ಸೇರಿ?
4. ಕ್ಯಾಮೆರಾದ ದೃಶ್ಯ ಯಾರು ನೋಡ್ತಾರೆ, ಎಷ್ಟು ದಿನ ಉಳಿಯುತ್ತೆ?
5. ಕೊನೇ ಸಲ ಬೆಂಕಿ ಡ್ರಿಲ್ ಮಾಡಿದ ತಾರೀಖು ಯಾವುದು?

ಸರ್ಕಾರಿ ಶಾಲೆ ಆದ್ರೆ ಎಸ್‌ಡಿಎಂಸಿ ಸಭೆಯಲ್ಲಿ ಇದೇ ಪ್ರಶ್ನೆ ಕೇಳಿ.

ಇನ್ನು ಕಾನೂನು. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವರ ಅಪರಾಧ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. "ಶಾಲೆ ಮಾನ" ಅನ್ನೋ ಕಾರಣ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಟ್ಯೂಷನ್ ಮಾಡೋ ನಮ್ಮ ಫ್ರೆಂಡ್ಸ್, ನಿಮ್ಮ ಹತ್ತಿರ ಮಗು ಬಂದು ಹೇಳಿದ್ರೆ ಈ ನಿಯಮ ನಿಮಗೂ ಅನ್ವಯ. "ನಿಜವಾ?" ಅಂತ ಹತ್ತು ಸಲ ಕೇಳಬೇಡಿ. "ಹೇಳಿದ್ದು ಒಳ್ಳೇದಾಯ್ತು" ಅನ್ನಿ. 1098ಕ್ಕೋ 112ಕ್ಕೋ ಫೋನ್ ಮಾಡಿ.

ಮತ್ತು ಅಂಥ ಸುದ್ದಿ ಬಂದಾಗ ಮಗುವಿನ ಹೆಸರು, ಮನೆ, ಮುಖ, ವಿಡಿಯೋ ಸ್ಟೋರಿಗೆ ಹಾಕಬೇಡಿ. ಗುರುತು ಬಯಲು ಮಾಡೋದನ್ನ ಕಾನೂನು ತಡೆಯುತ್ತೆ. ನ್ಯಾಯ ಕೇಳ್ತೀನಿ ಅಂತ ಶೇರ್ ಮಾಡಿದ್ರೂ ನೋವು ಆ ಮಗುವಿಗೇ.

ಐದು ಪ್ರಶ್ನೆ ಕೇಳಿದವರು ಏನು ಉತ್ತರ ಸಿಕ್ತು ಅಂತ ನನಗೆ ಡಿಎಂ ಮಾಡಿ. ಶಾಲೆ ಹೆಸರು ಹಾಕಲ್ಲ, ಉತ್ತರ ಮಾತ್ರ ಪಟ್ಟಿ ಮಾಡಿ ಹಾಕ್ತೀನಿ. "ಕೇಳಬೇಡಿ, ಹೊರಗೆ ಹೋಗಿ" ಅಂದಿದ್ರೆ ಅದನ್ನೂ ಬರೀರಿ. ಅದೂ ಒಂದು ಉತ್ತರವೇ.

#ವರ್ತೂರು #ಗುಂಜೂರು #ಬಳಗೆರೆ #ಶಾಲೆಸುರಕ್ಷತೆ #ಐದುಪ್ರಶ್ನೆ #1098